ಕಾಲುಚೀಲದ ಹೆಣಿಗೆ: ಒಂದು ಚಾರಿತ್ರಿಕ ವಿವೇಚನೆ

೧

ಶಾಸನ, ರಾಜವಂಶ, ಕವಿಗಳ ಕಾಲನಿರ್ಣಯ ಮೊದಲಾದ ಗಂಭೀರ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಕಾಲುಚೀಲವನ್ನು ಕುರಿತ ಲೇಖನವೊಂದನ್ನು ಕಂಡು ವಾಚಕರು ಆಶ್ಚರ್ಯಪಡಬಹುದು. ಇದು ಕೇವಲ ವಿನೋದವೆಂದು ಕೆಲವರು ಭಾವಿಸಲೂಬಹುದು. ಆದುದರಿಂದ ಈ ವಿಷಯವು ನನ್ನ ಕೈಗೆ ಬಂದ ಸಂದರ್ಭವನ್ನು ಮೊದಲು ನಿವೇದಿಸುವುದು ಯುಕ್ತವೆಂದು ತೋರುತ್ತದೆ. ಕೈಗೆ ಬಂದಿತೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾದುದು.

ಮೂರು ವರ್ಷಗಳ ಹಿಂದೆ, ಧಾರವಾಡದಲ್ಲಿದ್ದ ನಮ್ಮ ಸೋದರತ್ತೆಯವರು ಚಳಿಗಾಲದ ಕೆಲವು ತಿಂಗಳು ನಮ್ಮೊಡನಿರಲೆಂದು ದೆಹಲಿಗೆ ಬಂದರು. ಎಪ್ಪತ್ತೆಂಟು ವರ್ಷದ ಜೀವ. ಧಾರವಾಡದ ಮಳೆ ಅವರ ಪಾದಗಳಿಗೆ ಗೊತ್ತು. ದೆಹಲಿಯ ಪುಷ್ಯಮಾಸದ ನೆಲ ಗೊತ್ತಿರಲಿಲ್ಲ. ಬಂದ ವಾರದೊಳಗೇ ಬೆರಳುಗಳು ಕೆಂಪಗೆ ಊದಿಕೊಂಡು, ರಾತ್ರಿ ನಿದ್ರೆ ಬಾರದಾಯಿತು. ಪೇಟೆಯಿಂದ ನಾನು ಒಂದು ಜೊತೆ ಕಾಲುಚೀಲ ತಂದೆ. ಅದರ ರಬ್ಬರಿನ ಪಟ್ಟಿ ಬಾವು ಬಂದ ಕಣಕಾಲಿನ ಮೇಲೆ ಬರೆಯೆಳೆದಂತೆ ಗುರುತು ಮೂಡಿಸಿತು. ನಯವಾದ ನೈಲಾನ್ ನೂಲು ನೆಲದ ಮೇಲೆ ಜಾರಿ, ಅವರು ಬೀಳುವುದೊಂದು ಬಾಕಿಯಾಯಿತು. ಮೂರನೆಯ ಆಕ್ಷೇಪಣೆ ಅವರದೇ. ಮಡಿಗೆ ಧಾಬಳಿಯನ್ನುಟ್ಟು ಬಾಳಿದವರು ಅವರು. “ಉಣ್ಣಿದಾದ್ರ ನಡೀತದ ತಮ್ಮಾ. ಇದೇನೋ ಗೊತ್ತಿಲ್ಲ, ದೇವರ ಮುಂದ ನಾ ಇದನ್ನ ಹಾಕ್ಕೊಳ್ಳೂದಿಲ್ಲ” ಎಂದು ಅದನ್ನು ಮಡಿಸಿ ಬದಿಗಿಟ್ಟರು.

ನಮ್ಮ ನೆರೆಮನೆಯ ಪಂಜಾಬಿ ವೃದ್ಧೆಯೊಬ್ಬರು ಇದನ್ನು ಕೇಳಿ, ಬೂದುಬಣ್ಣದ ಉಣ್ಣೆಯ ಉಂಡೆಗಳನ್ನೂ ನಾಲ್ಕು ಹೆಣಿಗೆಯ ಕಡ್ಡಿಗಳನ್ನೂ ತಂದು ನನ್ನ ಕೈಯಲ್ಲಿಟ್ಟರು. ಇದು ಹೆಂಗಸರ ಕೆಲಸವಲ್ಲವೆ ಎಂದು ನಾನು ಅಂದೆ. “ಇದರಲ್ಲಿರುವುದೆಲ್ಲ ಎಣಿಕೆ. ಬ್ಯಾಂಕಿನಲ್ಲಿ ನೀವು ಮಾಡುವುದೇನು?” ಎಂದು ಅವರು ಕೇಳಿದರು. ಉತ್ತರವಿರಲಿಲ್ಲ. ಹೀಗೆ ನಲವತ್ತು ದಾಟಿದ ಮೇಲೆ ಈ ವಿದ್ಯೆಯನ್ನು ಆರಂಭಿಸಿದೆ. ಕೈ ಕಲಿಯುತ್ತಿದ್ದಂತೆ ಅದರ ಚರಿತ್ರೆಯನ್ನೂ ಅರಸತೊಡಗಿದೆ. ಕಾರ್ಖಾನೆಗಳು ಕೋಟಿಗಟ್ಟಲೆ ಕಾಲುಚೀಲಗಳನ್ನು ತಯಾರಿಸುವ ಈ ಕಾಲದಲ್ಲಿಯೂ ಮನುಷ್ಯರು ತಮ್ಮವರಿಗಾಗಿ ಅದನ್ನು ಕೈಯಿಂದ ಹೆಣೆಯುತ್ತಿರುವುದೇಕೆ ಎಂಬುದೇ ಈ ಲೇಖನದ ಪ್ರಶ್ನೆ.

೨

ಮೊದಲು ಶಬ್ದಗಳ ವಿಷಯ. ನೇಯ್ಗೆ ಬೇರೆ, ಹೆಣಿಗೆ ಬೇರೆ. ನೇಯ್ಗೆಗೆ ಹಾಸು ಮತ್ತು ಹೊಕ್ಕು ಎಂಬ ಎರಡು ಎಳೆಗಳು ಬೇಕು. ಅವು ಒಂದನ್ನೊಂದು ಅಡ್ಡಲಾಗಿ ಹಾಯುತ್ತವೆ. ಹೆಣಿಗೆಗೆ ಒಂದೇ ಎಳೆ ಸಾಕು. ಅದು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ ಹೊರಬರುತ್ತ ಬಟ್ಟೆಯಾಗುತ್ತದೆ. ನೆಯ್ದ ಬಟ್ಟೆ ಎಳೆದರೆ ಹೆಚ್ಚು ಬಗ್ಗುವುದಿಲ್ಲ. ಹೆಣೆದ ಬಟ್ಟೆ ಎಳೆದತ್ತ ಹಿಗ್ಗಿ, ಬಿಟ್ಟರೆ ಮರಳಿ ಕುಗ್ಗುತ್ತದೆ. ನಡೆಯುವಾಗ ಕ್ಷಣಕ್ಷಣಕ್ಕೂ ಆಕಾರ ಬದಲಿಸುವ ಪಾದಕ್ಕೆ ಇದಕ್ಕಿಂತ ಒಪ್ಪುವ ಹೊದಿಕೆ ಬೇರೊಂದಿಲ್ಲ.

‘ಹೆಣೆ’ ಎಂಬುದು ಹಳಗನ್ನಡದ ‘ಪೆಣೆ’. ಜಡೆಯನ್ನು ಹೆಣೆಯುತ್ತೇವೆ, ಬುಟ್ಟಿಯನ್ನು ಹೆಣೆಯುತ್ತೇವೆ, ಗರಿಯ ಚಾಪೆಯನ್ನು ಹೆಣೆಯುತ್ತೇವೆ. ಕಡ್ಡಿಗಳಿಂದ ಉಣ್ಣೆಯನ್ನು ಹೆಣೆಯುವ ಕಲೆ ನಮ್ಮಲ್ಲಿಗೆ ಹೊರಗಿನಿಂದ ಬಂದಾಗ ಕನ್ನಡವು ಹೊಸ ಶಬ್ದವನ್ನು ಹುಡುಕಲಿಲ್ಲ, ಮನೆಯಲ್ಲಿದ್ದುದನ್ನೇ ಕೊಟ್ಟಿತು. ‘ಕಾಲುಚೀಲ’ವೆಂಬ ಸಮಾಸವೂ ಅಂದವಾದುದೇ. ಆದರೆ ಅದು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಚೀಲವು ನೇರವಾದುದು; ಕಾಲು ಹಿಮ್ಮಡಿಯಲ್ಲಿ ತಿರುಗುತ್ತದೆ. ಈ ತಿರುವನ್ನು ಹೇಗೆ ಬಿಡಿಸಿದರೆಂಬುದೇ ಕಾಲುಚೀಲದ ಚರಿತ್ರೆಯ ತಿರುಳು.

೩

ನಮಗೆ ದೊರೆತಿರುವ ಪ್ರಾಚೀನ ಕಾಲುಚೀಲಗಳಲ್ಲಿ ಪ್ರಸಿದ್ಧವಾದವು ಈಜಿಪ್ಟಿನವು. ಆಕ್ಸಿರಿಂಕಸ್ ಎಂಬ ಪಟ್ಟಣದಲ್ಲಿ ದೊರೆತ ಕೆಂಪು ಉಣ್ಣೆಯ ಜೊತೆಯೊಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ. ಶ. ೨೫೦ರಿಂದ ೪೨೦ರ ನಡುವೆ. ಹೆಬ್ಬೆರಳಿಗೆ ಬೇರೆ, ಉಳಿದ ಬೆರಳುಗಳಿಗೆ ಬೇರೆ ಗೂಡುಗಳಿರುವುದರಿಂದ, ಪಟ್ಟಿಯ ಚಪ್ಪಲಿಯೊಡನೆ ತೊಡಲೆಂದೇ ಮಾಡಿದುದೆಂಬುದು ಸ್ಪಷ್ಟ. ಇವು ಇಂದಿನ ಅರ್ಥದಲ್ಲಿ ಹೆಣೆದವಲ್ಲ. ಒಂಟಿ ಸೂಜಿಯಿಂದ ರಚಿಸಿದವು. ಆ ಕ್ರಮದಲ್ಲಿ ತುಂಡು ದಾರದ ಪೂರ್ತಿ ಉದ್ದವನ್ನೂ ಪ್ರತಿ ಕುಣಿಕೆಯಲ್ಲಿ ತೂರಿಸಿ ಎಳೆಯಬೇಕು. ಕೆಲಸ ನಿಧಾನ, ಆದರೆ ಎಳೆ ಹರಿದರೂ ಬಟ್ಟೆ ಬಿಚ್ಚಿಕೊಳ್ಳುವುದಿಲ್ಲ.

ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ ಒಂಟಿ ಚೀಲ. ಅದು ಅಂಟಿನೋಪೊಲಿಸ್ ನಗರದ ಕಸದ ರಾಶಿಯಲ್ಲಿ ೧೯೧೩-೧೪ರ ಉತ್ಖನನದಲ್ಲಿ ದೊರೆತುದು, ಸುಮಾರು ಕ್ರಿ. ಶ. ೩೦೦ರದು; ಒಂದು ಮಗುವಿನ ಎಡಗಾಲಿನದು. ೨೦೧೮ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಬಟ್ಟೆಗೆ ಹಾನಿಯಾಗದಂತೆ ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆದು ಅದರ ಬಣ್ಣಗಳನ್ನು ಪರೀಕ್ಷಿಸಿದರು. ಕೆಂಪಿಗೆ ಮಂಜಿಷ್ಠದ ಜಾತಿಯ ಬೇರು, ನೀಲಿಗೆ ವೋಡ್ ಗಿಡದ ಎಲೆ, ಹಳದಿಗೆ ವೆಲ್ಡ್ ಎಂಬ ಗಿಡ, ಈ ಮೂರನ್ನೇ ಬೆರೆಸಿ ಪಟ್ಟೆಗಳ ಬಣ್ಣಗಳನ್ನೆಲ್ಲ ಪಡೆದಿದ್ದಾರೆಂದು ತಿಳಿದುಬಂದಿತು. ಕೆಲವೇ ತಿಂಗಳಲ್ಲಿ ಚಿಕ್ಕದಾಗಿಹೋಗುವ ಮಗುವಿನ ಚೀಲಕ್ಕೆ ಪಟ್ಟೆಪಟ್ಟೆಯಾಗಿ ಬಣ್ಣ ಕೂಡಿಸಿದ ಶ್ರಮ ಬೆಚ್ಚಗಿಡುವುದಕ್ಕೆ ಅವಶ್ಯವಾದುದಲ್ಲ. ಅದು ಮಗುವಿಗಾಗಿ ಮಾಡಿದುದು.

ಪಾದಕ್ಕೆ ಬೆಚ್ಚಗಿನದನ್ನು ದೂರದವರಿಗೆ ಕಳುಹಿಸಿದುದರ ಲಿಖಿತ ಸಾಕ್ಷ್ಯವು ಇದಕ್ಕೂ ಹಿಂದಿನದು. ಇಂಗ್ಲೆಂಡಿನ ಉತ್ತರದಲ್ಲಿ ವಿಂಡೊಲಾಂಡಾ ಎಂಬ ರೋಮನ್ ಸೈನ್ಯದ ಕೋಟೆಯಿದ್ದಿತು. ಅಲ್ಲಿ ೧೯೭೩ರಿಂದ ತೆಳುವಾದ ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ದೊರೆಯತೊಡಗಿದವು. ಅವು ಕ್ರಿ. ಶ. ೧೦೦ರ ಸುಮಾರಿನವು. ಅವುಗಳಲ್ಲೊಂದರಲ್ಲಿ, ನಿನಗೆ ಕಾಲುಚೀಲಗಳನ್ನೂ ಎರಡು ಜೊತೆ ಚಪ್ಪಲಿಗಳನ್ನೂ ಎರಡು ಒಳಚಡ್ಡಿಗಳನ್ನೂ ಕಳುಹಿಸಿದ್ದೇನೆ ಎಂಬರ್ಥದ ವಾಕ್ಯವಿದೆ. ಜೊತೆಯಲ್ಲಿ ಉಣ್ಣುವ ಗೆಳೆಯರಿಗೆಲ್ಲ ಶುಭವನ್ನು ಕೋರಿದೆ. ಹಲಗೆ ಮುರಿದುದರಿಂದ ಕಳುಹಿಸಿದವರ ಹೆಸರೂ ಪಡೆದವನ ಹೆಸರೂ ನಷ್ಟವಾಗಿವೆ. ಆ ಚೀಲಗಳು ಹೆಣಿಗೆಯವಾಗಿರಲಿಲ್ಲ, ನಿಜ. ಆ ಕಲೆ ಇನ್ನೂ ಹುಟ್ಟಿರಲಿಲ್ಲ. ಆದರೆ ಚಳಿಯ ನಾಡಿನಲ್ಲಿ ಕೆಲಸಕ್ಕಿರುವ ತನ್ನವನ ಕಾಲುಗಳ ಚಿಂತೆ ಆಗಲೇ ಹುಟ್ಟಿದ್ದಿತು. ಮನೆಯಿಂದ ದೂರವಿದ್ದು ಊರಿನ ಗಂಟನ್ನು ಬಿಚ್ಚಿ ನೋಡಿದ ನಮ್ಮಂಥವರಿಗೆ ಈ ಹಲಗೆಯ ಭಾಷ್ಯ ಬೇಕಿಲ್ಲ.

ಎರಡು ಕಡ್ಡಿಗಳ ನಿಜವಾದ ಹೆಣಿಗೆಯ ಹಳೆಯ ಮಾದರಿಗಳೂ ಈಜಿಪ್ಟಿನಲ್ಲಿಯೇ ದೊರೆತಿವೆ. ಅವು ಇಸ್ಲಾಮಿನ ಯುಗದವು. ನೀಲಿ ಬಿಳಿ ಹತ್ತಿನೂಲಿನ ಕಾಲುಚೀಲಗಳು. ಹದಿಮೂರನೆಯ ಶತಮಾನದ ಹೊತ್ತಿಗೆ ಕಲೆಯು ಸ್ಪೇನಿನಲ್ಲಿ ಕಾಣಿಸುತ್ತದೆ: ೧೨೭೫ರಲ್ಲಿ ತೀರಿಕೊಂಡ ರಾಜಕುಮಾರ ಫರ್ನಾಂಡೊ ದೆ ಲಾ ಸೆರ್ದಾನ ಗೋರಿಯಲ್ಲಿ ರೇಷ್ಮೆಯಿಂದ ಹೆಣೆದ ದಿಂಬು ದೊರೆತಿದೆ. ಸುಮಾರು ೧೪೦೦ರಲ್ಲಿ ಜರ್ಮನಿಯ ಮಾಸ್ಟರ್ ಬರ್ಟ್ರಾಮನ ಕಾರ್ಯಾಗಾರದಿಂದ ಬಂದ ಚಿತ್ರವೊಂದರಲ್ಲಿ ಮಾತೆ ಮರಿಯಳು ನಾಲ್ಕು ಕಡ್ಡಿಗಳನ್ನು ಹಿಡಿದು ಬಾಲ ಯೇಸುವಿಗೆ ಹೊಲಿಗೆಯಿಲ್ಲದ ಅಂಗಿಯನ್ನು ಸುತ್ತುಸುತ್ತಾಗಿ ಹೆಣೆಯುತ್ತಿದ್ದಾಳೆ. ನಮ್ಮ ನೆರೆಮನೆಯ ವೃದ್ಧೆ ನನಗೆ ಹಿಡಿಸಿದುದೂ ನಾಲ್ಕೇ ಕಡ್ಡಿಗಳನ್ನು.

೪

ಈಗ ಹಿಮ್ಮಡಿಯ ವಿಷಯ. ಇದನ್ನು ಪುಸ್ತಕದಿಂದ ಓದಿದಾಗ ನನಗೆ ತಿಳಿಯಲಿಲ್ಲ, ಎಣಿಸಿದಾಗ ತಿಳಿಯಿತು. ಆದುದರಿಂದ ಲೆಕ್ಕವನ್ನೇ ಕೊಡುತ್ತೇನೆ.

ದಪ್ಪ ಉಣ್ಣೆಯಲ್ಲಿ ನಮ್ಮ ಸೋದರತ್ತೆಯವರ ಕಾಲಿಗೆ ೪೮ ಕುಣಿಕೆಗಳು ಬೇಕಾದವು. ಅವನ್ನು ಮೂರು ಕಡ್ಡಿಗಳಿಗೆ ಹಂಚಿ, ನಾಲ್ಕನೆಯದರಿಂದ ಸುತ್ತಾಗಿ ಹೆಣೆಯುತ್ತ ಬಂದರೆ ಕೊಳವೆಯೊಂದು ಇಳಿಯುತ್ತದೆ. ಹಿಮ್ಮಡಿಯ ಸ್ಥಳ ಬಂದಾಗ ಅರ್ಧವನ್ನು, ಎಂದರೆ ೨೪ ಕುಣಿಕೆಗಳನ್ನು, ಸುಮ್ಮನೆ ಕಾಯಿಸಬೇಕು. ಉಳಿದ ೨೪ರ ಮೇಲೆ ಮಾತ್ರ ಹಿಂದಕ್ಕೂ ಮುಂದಕ್ಕೂ ೨೪ ಸಾಲು ಹೆಣೆಯಬೇಕು. ಆಗ ನಾಲಗೆಯಂಥ ಒಂದು ಪಟ್ಟಿ ಇಳಿಬೀಳುತ್ತದೆ. ಅನಂತರ ಸಾಲನ್ನು ಕೊನೆ ಮುಟ್ಟಿಸದೆ ನಡುವಿನಲ್ಲಿಯೇ ತಿರುಗುತ್ತ, ತಿರುಗುವಲ್ಲೆಲ್ಲ ಎರಡನ್ನು ಒಂದು ಮಾಡುತ್ತ ಹೋದರೆ, ೨೪ ಇದ್ದುದು ೧೪ಕ್ಕೆ ಇಳಿಯುವಷ್ಟರಲ್ಲಿ ಪಟ್ಟಿಯ ತುದಿ ಬಟ್ಟಲಿನಂತೆ ಬಾಗಿ ನಿಲ್ಲುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ, ಎಣಿಕೆಯೊಂದರಿಂದಲೇ ಚಪ್ಪಟೆಯಾದುದು ಗುಂಡಗಾಗುತ್ತದೆ. ಆಮೇಲೆ ಪಟ್ಟಿಯ ಎರಡು ಅಂಚುಗಳಿಂದ ಹನ್ನೆರಡು ಹನ್ನೆರಡು ಕುಣಿಕೆಗಳನ್ನು ಎತ್ತಿಕೊಂಡು, ಕಾಯಿಸಿದ್ದ ೨೪ನ್ನು ಸೇರಿಸಿಕೊಳ್ಳಬೇಕು. ಮೊತ್ತ ೬೨. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೆರಡನ್ನು ಕಳೆಯುತ್ತ ಬಂದರೆ, ಏಳು ಸಲಕ್ಕೆ ಮರಳಿ ೪೮. ಅಂಗಾಲು ಆರಂಭವಾಯಿತು.

ನನ್ನ ಮೊದಲ ಚೀಲದಲ್ಲಿ ೬೨ರ ಬದಲು ೬೧ ಬಂದಿತು. ತಾಳೆಪಟ್ಟಿಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದಾಗ ಬ್ಯಾಂಕಿನವರು ಎಷ್ಟು ಹೊತ್ತು ಕೂರುತ್ತಾರೆಂಬುದನ್ನು ಬಲ್ಲವರು ಬಲ್ಲರು. ಇಲ್ಲಿಯೂ ಹಾಗೆಯೇ. ಅಂಚಿನಲ್ಲಿ ಎತ್ತದೆ ಬಿಟ್ಟ ಒಂದು ಕುಣಿಕೆ ಕಣಕಾಲಿನ ಬದಿಯಲ್ಲಿ ಕಡಲೆಕಾಳಿನಷ್ಟು ತೂತಾಗಿ ನಿಂತಿತ್ತು. ಎರಡು ಸಂಜೆಯ ಕೆಲಸವನ್ನು ಬಿಚ್ಚಿದೆ.

ಈ ವಿದ್ಯೆಯನ್ನು ಹೆಂಗಸರದೆಂದು ನಾನು ಭಾವಿಸಿದುದು ಚರಿತ್ರೆಯ ಅಜ್ಞಾನ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಸ್ಟ್ರಾಸ್‌ಬರ್ಗ್ ಮೊದಲಾದ ಪಟ್ಟಣಗಳಲ್ಲಿ ಹೆಣಿಗೆಗಾರರ ಶ್ರೇಣಿಗಳಿದ್ದವು. ಅವುಗಳಲ್ಲಿ ಗುರುಪದವಿಯನ್ನು ಬಯಸುವ ಗಂಡಸು ದೊಡ್ಡ ಚಿತ್ರಗಂಬಳಿಯೊಂದನ್ನೂ ಇತರ ಉಡುಪುಗಳನ್ನೂ ಹೆಣೆದು ಪರೀಕ್ಷೆಗೆ ಒಪ್ಪಿಸಬೇಕಾಗಿದ್ದಿತು. ೧೯೮೭ರಲ್ಲಿ ಕೈಹೆಣಿಗೆಯ ಚರಿತ್ರೆಯನ್ನು ಪ್ರಮಾಣಬದ್ಧವಾಗಿ ಬರೆದ ರಿಚರ್ಡ್ ರಟ್ ಇಂಗ್ಲೆಂಡಿನ ಲೆಸ್ಟರಿನ ಬಿಷಪ್ಪರಾಗಿದ್ದವರು, ತಾವೇ ಹೆಣೆಯಬಲ್ಲವರು.

೫

ಇನ್ನು ಯಂತ್ರದ ಆಗಮನ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪ್ರಾಂತದ ಕಾಲ್ವರ್ಟನ್ ಎಂಬ ಹಳ್ಳಿಯ ವಿಲಿಯಂ ಲೀ ೧೫೮೯ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ನಿರ್ಮಿಸಿದನು. ಕೈಯಲ್ಲಿ ಒಂದೊಂದಾಗಿ ಆಗುವ ಕುಣಿಕೆಗಳು ಇದರಲ್ಲಿ ಒಂದು ಸಾಲಿಗೆ ಒಮ್ಮೆಗೇ ಆಗುತ್ತಿದ್ದವು. ಬಡ ಹೆಣಿಗೆಗಾರರ ಅನ್ನ ಹೋಗುವುದೆಂದು ಎಲಿಜಬೆತ್ ರಾಣಿಯು ಅವನಿಗೆ ಏಕಸ್ವಾಮ್ಯದ ಹಕ್ಕನ್ನು ನಿರಾಕರಿಸಿದಳೆಂದು ಪ್ರತೀತಿ. ಲೀ ಫ್ರಾನ್ಸಿಗೆ ಹೋದನು. ೧೬೧೦ರಲ್ಲಿ ನಾಲ್ಕನೆಯ ಹೆನ್ರಿ ದೊರೆಯ ಕೊಲೆಯಾಗಿ ಅಲ್ಲಿಯೂ ಆಶ್ರಯ ತಪ್ಪಿತು. ಕೆಲವು ವರ್ಷಗಳಲ್ಲಿ ಅಲ್ಲಿಯೇ ತೀರಿಕೊಂಡನು. ಯಂತ್ರ ಮಾತ್ರ ಉಳಿಯಿತು. ೧೬೫೭ರ ಹೊತ್ತಿಗೆ ಲಂಡನ್ನಿನ ಚೌಕಟ್ಟಿನ ಹೆಣಿಗೆಗಾರರ ಸಂಘಕ್ಕೆ ರಾಜ್ಯದ ಸನ್ನದು ದೊರೆಯಿತು. ಮುಂದೆ ೧೮೧೬ರಲ್ಲಿ ಮಾರ್ಕ್ ಬ್ರೂನೆಲ್ ವೃತ್ತಾಕಾರದ ಯಂತ್ರವನ್ನೂ ೧೮೪೭ರಲ್ಲಿ ಮ್ಯಾಥ್ಯೂ ಟೌನ್ಸೆಂಡ್ ಕೀಲುಳ್ಳ ಸೂಜಿಯನ್ನೂ ರೂಪಿಸಿದ ಮೇಲೆ ಇಂದಿನ ಕಾರ್ಖಾನೆಗೆ ದಾರಿಯಾಯಿತು.

ಈ ಕಥೆಯಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಪ್ರಕರಣ ೧೮೧೧-೧೨ರದು. ಲಡ್ಡೈಟರೆಂಬ ಹೆಸರು ಇಂದು ಯಂತ್ರದ್ವೇಷಿಗಳಿಗೆ ಪರ್ಯಾಯಪದವಾಗಿದೆ. ಆದರೆ ನಾಟಿಂಗ್‌ಹ್ಯಾಮಿನಲ್ಲಿ ಚೌಕಟ್ಟುಗಳನ್ನು ಒಡೆದವರು ಆ ಚೌಕಟ್ಟುಗಳಿಂದಲೇ ಜೀವಿಸುತ್ತಿದ್ದವರು. ಅವರ ಅಜ್ಜಂದಿರೂ ಅವುಗಳ ಮುಂದೆಯೇ ಕುಳಿತವರು. ಅವರ ಮುಖ್ಯ ದೂರುಗಳಲ್ಲೊಂದು ಬೇರೆಯೇ ಇದ್ದಿತು. ಲಾಭದಾಸೆಯ ಕೆಲವು ಮಾಲಿಕರು ಅಗಲವಾದ ಚೌಕಟ್ಟುಗಳಲ್ಲಿ ಥಾನಿನಂತೆ ಬಟ್ಟೆಯನ್ನು ಹೆಣೆಯಿಸಿ, ಅದನ್ನು ಕಾಲಿನ ಆಕಾರಕ್ಕೆ ಕತ್ತರಿಸಿ, ಹೊಲಿದು ಮಾರತೊಡಗಿದರು. ಕತ್ತರಿಸಿದ ಕುಣಿಕೆ ನಿಲ್ಲುವುದಿಲ್ಲ. ಹೊಲಿಗೆ ಬಿಟ್ಟೊಡನೆ ಚೀಲ ಬಿಚ್ಚಿಹೋಗುತ್ತದೆ. ಕೂಲಿಯೂ ಕುಸಿಯಿತು, ಕಸುಬಿನ ಹೆಸರೂ ಕೆಟ್ಟಿತು. ಸರಕಾರವು ಚೌಕಟ್ಟು ಒಡೆದವರಿಗೆ ಮರಣದಂಡನೆಯನ್ನು ವಿಧಿಸಲು ಮಸೂದೆ ತಂದಾಗ, ೧೮೧೨ರ ಫೆಬ್ರವರಿ ೨೭ರಂದು ಕವಿ ಬೈರನ್ ಪ್ರಭುಸಭೆಯಲ್ಲಿ ತನ್ನ ಪ್ರಥಮ ಭಾಷಣವನ್ನು ಅದರ ವಿರುದ್ಧ ಮಾಡಿದನು. ಆದರೂ ಕಾಯಿದೆ ಜಾರಿಯಾಯಿತು.

ಈ ದೂರಿನ ಅರ್ಥವನ್ನು ಹಿಮ್ಮಡಿಯನ್ನು ಎಣಿಸಿ ಹೆಣೆದವರು ಸುಲಭವಾಗಿ ಗ್ರಹಿಸಬಲ್ಲರು. ಪಾದದ ಆಕಾರವನ್ನು ಹೆಣೆಯುತ್ತಲೇ ಕೂಡಿಸಬಹುದು, ಇಲ್ಲವೆ ಆಮೇಲೆ ಕತ್ತರಿಸಿ ಹೊಂದಿಸಬಹುದು. ಮೊದಲನೆಯದರಲ್ಲಿ ಕಾಲು ಮುಂದೆ, ಬಟ್ಟೆ ಹಿಂದೆ. ಎರಡನೆಯದರಲ್ಲಿ ಬಟ್ಟೆ ಮುಂದೆ, ಕಾಲು ಹಿಂದೆ. ಇಂದಿನ ಯಂತ್ರಗಳು ಹಿಮ್ಮಡಿಯನ್ನು ಲೋಪವಿಲ್ಲದೆ ತಿರುಗಿಸುತ್ತವೆ. ಆ ದೋಷ ಈಗಿಲ್ಲ. ಆದರೆ ಅವು ತಿರುಗಿಸುವುದು ಸರಾಸರಿಯ ಹಿಮ್ಮಡಿಯನ್ನು. ಬಾವು ಬಂದ ಒಂದು ಕಣಕಾಲು, ಬೆರಳು ಬಾಗಿದ ಒಂದು ಪಾದ, ಇವು ಯಾವ ಅಳತೆಯ ಪಟ್ಟಿಯಲ್ಲಿಯೂ ಇರುವುದಿಲ್ಲ.

೬

ಕೈಹೆಣಿಗೆಯು ವ್ಯಾಪಾರದಿಂದ ಬಹುಮಟ್ಟಿಗೆ ಹಿಂದೆ ಸರಿದ ಮೇಲೆಯೂ, ಒಂದನೆಯ ಮಹಾಯುದ್ಧದಲ್ಲಿ ಅದು ಮತ್ತೆ ಎದ್ದು ಬಂದಿತು. ೧೯೧೪ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಮೇರಿ ರಾಣಿಯವರ ಹೆಸರಿನಲ್ಲಿ ಸೈನಿಕರಿಗಾಗಿ ೩ ಲಕ್ಷ ಜೊತೆ ಕಾಲುಚೀಲಗಳನ್ನೂ ೩ ಲಕ್ಷ ಉಣ್ಣೆಯ ನಡುಪಟ್ಟಿಗಳನ್ನೂ ಬೇಡಲಾಯಿತು. ಕಾರಣ ಕಂದಕಗಳ ನೀರು. ದಿನಗಟ್ಟಲೆ ಒದ್ದೆಯಲ್ಲಿ ನಿಂತ ಕಾಲುಗಳು ಮರಗಟ್ಟಿ, ಊದಿ, ಕೊಳೆಯುತ್ತಿದ್ದವು. ಔಷಧಕ್ಕಿಂತ ಒಣಗಿದ ಕಾಲುಚೀಲವೇ ಅದಕ್ಕೆ ಮುಖ್ಯ ಪರಿಹಾರವಾಗಿದ್ದಿತು. ಪಾದಗಳನ್ನು ಒರಸಿ, ತಿಮಿಂಗಿಲದ ಎಣ್ಣೆ ಸವರಿ, ಚೀಲ ಬದಲಿಸುವುದು ಸೈನ್ಯದ ಆಜ್ಞೆಯೇ ಆಯಿತು. ಬೆರಳುಗಳ ಮೇಲಿನ ಹೊಲಿಗೆಯ ಗೆರೆ ಉಜ್ಜಿ ಹುಣ್ಣಾಗುತ್ತಿದ್ದುದರಿಂದ, ಗೆರೆಯೇ ಕಾಣದಂತೆ ಕುಣಿಕೆಗೆ ಕುಣಿಕೆಯನ್ನು ಬೆಸೆಯುವ ಕ್ರಮ ಬಳಕೆಗೆ ಬಂದಿತು. ಅದಕ್ಕೆ ಇಂದಿಗೂ ಸೇನಾಮಂತ್ರಿ ಕಿಚನರನ ಹೆಸರಿದೆ.

ಆಸ್ಟ್ರೇಲಿಯಾದಂಥ ಅತಿ ದೂರದ ದೇಶದಿಂದಲೇ ೧೩ ಲಕ್ಷಕ್ಕೂ ಮೀರಿ ಕೈಹೆಣಿಗೆಯ ಜೊತೆಗಳು ಯುದ್ಧಭೂಮಿಗೆ ಹೋದವು. ಅನೇಕರು ಚೀಲದ ಬೆರಳ ತುದಿಯಲ್ಲಿ ಒಂದು ಚೀಟಿಯನ್ನು ಮಡಿಸಿ ಇಡುತ್ತಿದ್ದರು. ಪಡೆಯುವವನು ಯಾರೆಂದು ಅವರಿಗೆ ಗೊತ್ತಿಲ್ಲ. ಆದರೂ ಚೀಟಿ ಇಡುತ್ತಿದ್ದರು.

ಭಾರತದ ಸೈನಿಕರು ೧೯೧೪ರ ಸೆಪ್ಟೆಂಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿಳಿದು, ಆ ಚಳಿಗಾಲವನ್ನು ಫ್ರಾನ್ಸ್ ಮತ್ತು ಬೆಲ್ಜಿಯಮಿನ ಕೆಸರಿನಲ್ಲಿ ಕಳೆದರು. ಅವರಿಗೆ ಬೆಚ್ಚನೆಯ ಉಡುಪುಗಳನ್ನು ಒದಗಿಸಲೆಂದು ಲಂಡನ್ನಿನಲ್ಲಿ ಭಾರತೀಯ ಸೈನಿಕರ ನಿಧಿಯೊಂದು ಅದೇ ಅಕ್ಟೋಬರಿನಲ್ಲಿ ಏರ್ಪಟ್ಟಿತು. ಆಗ ಅಲ್ಲಿದ್ದ ಗಾಂಧೀಜಿಯವರಿಗೆ ಸರೋಜಿನಿ ನಾಯಿಡು ಅವರು ಕತ್ತರಿಸಿದ ಬಟ್ಟೆಗಳ ರಾಶಿಯನ್ನೊಪ್ಪಿಸಿ, ಸೈನಿಕರಿಗಾಗಿ ಹೊಲಿಸಿ ತರಬೇಕೆಂದ ಪ್ರಸಂಗವು ಅವರ ಆತ್ಮಕಥೆಯಲ್ಲಿದೆ. ಅದು ಹೊಲಿಗೆಯಾದರೂ ಭಾವ ಇದೇ.

೭

ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ ಉಣ್ಣೆಯ ಕೊರತೆಯಿರಲಿಲ್ಲ. ಕುರುಬರು ದಖ್ಖನದ ಕುರಿಯ ಒರಟು ಉಣ್ಣೆಯನ್ನು ನೂತು, ಹುಣಸೆಬೀಜದ ಗಂಜಿ ಹಾಕಿ, ಮಗ್ಗದಲ್ಲಿ ಕಂಬಳಿ ನೆಯ್ದರು. ಚಳ್ಳಕೆರೆಯ ಕಂಬಳಿ ಹೆಸರಾಂತದು. ಆದರೆ ಆ ಉಣ್ಣೆ ಹೆಗಲಿಗೇರಿತೇ ಹೊರತು ಪಾದಕ್ಕಿಳಿಯಲಿಲ್ಲ. ನಮ್ಮ ನೆಲ ಕಾಲನ್ನು ಸುಡುವುದುಂಟು, ಕೊರೆಯುವುದು ವಿರಳ. ಪಾದಕ್ಕೆ ನಮ್ಮವರು ಕೊಟ್ಟುದು ನೀರು: ಬಂದವರಿಗೆ ಕಾಲಿಗೆ ನೀರು, ಹಿರಿಯರ ಕಾಲಿಗೆ ನಮಸ್ಕಾರ. ಚಳಿಯ ನಾಡಿಗೆ ವಲಸೆ ಬಂದ ನಮಗೆ ಮಾತ್ರ ಹಿರಿಯರ ಪಾದದ ಯೋಗಕ್ಷೇಮ ಹೊಸ ಪ್ರಶ್ನೆಯಾಗಿ ಎದುರಾಯಿತು.

ನನ್ನ ಜೊತೆ ಮುಗಿಯಲು ಇಪ್ಪತ್ತೆರಡು ಸಂಜೆಗಳು ಹಿಡಿದವು. ಸಂಜೆಗೆ ಎರಡು ಗಂಟೆಯೆಂದರೆ ೪೪ ಗಂಟೆ. ಯಾವ ಲೆಕ್ಕದಿಂದ ನೋಡಿದರೂ ಇದು ನಷ್ಟದ ವ್ಯವಹಾರ. ಆದರೆ ಆ ಇಪ್ಪತ್ತೆರಡು ದಿನವೂ ಒಂದು ಕೆಲಸ ತಪ್ಪಲಿಲ್ಲ. ಅಳತೆಗಾಗಿ ಅವರ ಪಾದವನ್ನು ಕೈಯಲ್ಲಿ ಹಿಡಿದೆ; ಎಡಗಾಲು ಬಲಗಾಲಿಗಿಂತ ಕೊಂಚ ದಪ್ಪವೆಂದು, ಬಾವು ಸಂಜೆಗೆ ಹೆಚ್ಚುವುದೆಂದು ತಿಳಿದೆ. ಬಾಲ್ಯದಲ್ಲಿ ನೂರಾರು ಸಲ ನಮಸ್ಕರಿಸಿದ ಪಾದಗಳು. ಅವುಗಳ ಆಕಾರವನ್ನು ನೋಡಿದುದು ಅದೇ ಮೊದಲು. ಕಾರ್ಖಾನೆಯ ಚೀಲಕ್ಕೆ ಬೆಲೆ ತೆರುವಾಗ ನಮಗೆ ಉಳಿತಾಯವಾಗುವುದು ಈ ನೋಟ. ಕೈಹೆಣಿಗೆ ಉಳಿದುಬಂದುದಕ್ಕೆ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಚೀಲಗಳನ್ನು ಅವರ ಮುಂದಿಟ್ಟಾಗ ಸೋದರತ್ತೆಯವರು ತಿರುಗಿಸಿ ತಿರುಗಿಸಿ ನೋಡಿ, “ಕಾಲಾಗ ಹಾಕ್ಕೊಳ್ಳೂದಕ್ಕ ಇಷ್ಟು ದಿನಾ ಕುಂತೀ ಏನೋ?” ಎಂದರು. ಅಷ್ಟೆ. ಫೆಬ್ರವರಿ ಕೊನೆಗೆ ಊರಿಗೆ ಮರಳಿದರು. ಧಾರವಾಡದಲ್ಲಿ ಅವುಗಳ ಉಪಯೋಗವಿರದೆಂದು ನಾನು ಮತ್ತೆ ಆ ಮಾತೆತ್ತಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಕರ್ಮಾಂತರಗಳು ಮುಗಿದ ಮೇಲೆ ಅವರ ಟ್ರಂಕನ್ನು ತೆರೆದಾಗ, ಧಾಬಳಿಯ ಮಡಿಕೆಯಲ್ಲಿ, ಲಾವಂಚದ ಬೇರಿನೊಡನೆ ಆ ಜೊತೆ ಇದ್ದಿತು. ಹೊಸದರಂತೆ ಕಾದಿಟ್ಟಿರಬಹುದೆಂದು ಎತ್ತಿಕೊಂಡೆ. ಹಾಗಿರಲಿಲ್ಲ. ಎರಡು ಹಿಮ್ಮಡಿಗಳೂ ಪೂರಾ ಸವೆದಿದ್ದವು. ದೆಹಲಿಯ ಒಂದೂವರೆ ತಿಂಗಳಿನಲ್ಲಿ ಅಷ್ಟು ಸವೆಯುವಂತಿಲ್ಲ. ಸವೆದಲ್ಲಿ ಕಂದುಬಣ್ಣದ ದಾರದಿಂದ ಒತ್ತೊತ್ತಾಗಿ ತುನ್ನಲಾಗಿತ್ತು. ಆ ತುನ್ನಿದ ಭಾಗವೂ ಮತ್ತೆ ತೆಳುವಾಗಿತ್ತು.

ಶಾಸನಗಳ ತೇದಿಯನ್ನು ಲಿಪಿಯಿಂದ ನಿರ್ಣಯಿಸುವುದನ್ನು ನಾವು ಬಲ್ಲೆವು. ಇಲ್ಲಿ ಬೇರೆ ಲಿಪಿಯಿಲ್ಲ, ಈ ಸವೆತವೊಂದೇ ಆಧಾರ. ಚಳಿಯಿಲ್ಲದ ಊರಿನಲ್ಲಿಯೂ ಅವರು ಅವನ್ನು ತೊಡುತ್ತಿದ್ದರೆಂಬುದು ಅದರಿಂದ ನಿಸ್ಸಂದೇಹವಾಗಿ ಸಿದ್ಧಪಡುತ್ತದೆ.